ಹೂತುಹೋದ ಸೆಪ್ಟಿಕ್ ಟ್ಯಾಂಕ್ ಮತ್ತು ಪೈಪುಗಳ ಪತ್ತೆ: ಹಾಸನದಲ್ಲಿ ಪಡೆದ ಒಂದು ಸೇವೆಯ ವಿಮರ್ಶೆ

ಹಾಸನದ ವಿದ್ಯಾನಗರದಲ್ಲಿರುವ ನಮ್ಮ ಮಾವನವರ ಹಳೆಯ ಮನೆಯ ಹಿತ್ತಲಿನಲ್ಲಿ ಎಲ್ಲಿದೆಯೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಸೆಪ್ಟಿಕ್ ಟ್ಯಾಂಕನ್ನೂ ಅದಕ್ಕೆ ಸೇರುವ ಪೈಪುಗಳನ್ನೂ ಹುಡುಕಿಸಲು ಈ ಬೇಸಿಗೆಯಲ್ಲಿ ಒಂದು ತಂಡವನ್ನು ಕರೆಸಿದ್ದೆವು. ಪೈಪಿನೊಳಗೆ ಇಳಿಬಿಡುವ ಕ್ಯಾಮೆರಾ, ಅದರ ತಲೆಯಲ್ಲಿ ಸಿಗ್ನಲ್ ಹೊರಡಿಸುವ ಸೋಂಡ್, ಆ ಸಿಗ್ನಲನ್ನು ನೆಲದ ಮೇಲಿನಿಂದ ಹಿಡಿಯುವ ರಿಸೀವರ್, ಒಂದು ಲೋಹಶೋಧಕ, ನೆಲ ಚುಚ್ಚಿ ನೋಡುವ ಉಕ್ಕಿನ ಸಲಾಕೆ ಇವು ಅವರ ಮುಖ್ಯ ಸಲಕರಣೆಗಳು. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಪೈಪಿನ ದಾರಿ ಹಿಡಿಯುವುದರಲ್ಲಿ ಇವರು ಗಟ್ಟಿಗರು, ಟ್ಯಾಂಕನ್ನು ಹುಡುಕುವಲ್ಲಿ ಯಂತ್ರಗಳಿಗಿಂತ ಇವರ ಅನುಭವ ಹೆಚ್ಚು ಕೆಲಸ ಮಾಡಿತು, ಟ್ಯಾಂಕಿನಿಂದ ಹೊರಬರುವ ನೀರು ಇಂಗುವ ಗುಂಡಿಯ, ಅಂದರೆ ಇಂಗುಗುಂಡಿಯ, ವಿಷಯದಲ್ಲಿ ಮಾತ್ರ ಕೊಟ್ಟ ಹಣಕ್ಕೆ ತಕ್ಕ ಫಲ ಸಿಗಲಿಲ್ಲ. ಬಿಲ್ಲಿನ ಬಗ್ಗೆ ನನ್ನದೊಂದು ತಕರಾರು ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಸೇವೆಯನ್ನು ಯಾರಿಂದ ಪಡೆದರೂ ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಿ ಪಡೆಯಬೇಕು ಎಂಬುದಕ್ಕೆ ಈ ಬರಹ ಸಾಕು.

ನಮಗೆ ಇದರ ಅಗತ್ಯ ಬಿದ್ದದ್ದು ಎರಡು ಕಾರಣಗಳಿಂದ. ಬೀದಿಯ ಒಳಚರಂಡಿಗೆ, ಅಂದರೆ ಎಲ್ಲರೂ ಯುಜಿಡಿ ಎನ್ನುವ ಲೈನಿಗೆ, ಮನೆಯ ಸಂಪರ್ಕ ಕೊಡಿಸಬೇಕಿತ್ತು. ಮನೆಯ ಕೊಳಚೆ ಪೈಪು ಯಾವ ಕಡೆ ಓಡುತ್ತದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯದೆ ಆ ಕೆಲಸ ಶುರು ಮಾಡುವಂತಿರಲಿಲ್ಲ. ಜೊತೆಗೆ ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಿಸುವ ಯೋಚನೆಯಿತ್ತು. ಹಳೆಯ ಟ್ಯಾಂಕಿನ ಮೇಲೆ ಗೊತ್ತಿಲ್ಲದೆ ಪಿಲ್ಲರ್ ಗುಂಡಿ ತೋಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆಲ ಕುಸಿಯುವ ಭಯ ಒಂದು ಕಡೆಯಾದರೆ, ಗುಂಡಿ ತೋಡುವ ಕೂಲಿಯವರು ಟ್ಯಾಂಕಿನೊಳಗೆ ಬೀಳುವ ಅಪಾಯ ಇನ್ನೊಂದು ಕಡೆ.

ಮನೆ ಕಟ್ಟಿಸಿದ ಕಾಲದಲ್ಲಿ ಕಕ್ಕಸು ಮನೆಯಿಂದ ಪ್ರತ್ಯೇಕವಾಗಿ ಹಿತ್ತಲಿನ ಮೂಲೆಯಲ್ಲಿತ್ತಂತೆ. ಆಮೇಲೆ ಮನೆಯೊಳಗೆ ಬಚ್ಚಲಿಗೆ ಹೊಂದಿಕೊಂಡಂತೆ ಒಂದು, ಮಹಡಿ ಏರಿಸಿದಾಗ ಮೇಲೆ ಇನ್ನೊಂದು ಬಂತು. ಪ್ರತಿ ಸಲವೂ ಬೇರೆ ಬೇರೆ ಪ್ಲಂಬರ್ ಬಂದು, ಕೈಗೆ ಸಿಕ್ಕ ಹತ್ತಿರದ ಪೈಪಿಗೆ ಹೊಸದನ್ನು ಜೋಡಿಸಿ ಹೋಗಿದ್ದಾರೆ. ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವಾಗ ಛೇಂಬರ್ ಮುಚ್ಚಳಗಳೂ ಅದರಡಿ ಸೇರಿಹೋದವು. ನಗರಸಭೆಯಿಂದ ಮಂಜೂರಾದ ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಬರೆದ ಒಂದು ಪುಟ್ಟ ಚೌಕವೇನೋ ಇದೆ. ಅದು ನಕ್ಷೆ ಬರೆದವರ ಮನಸ್ಸಿನಲ್ಲಿದ್ದ ಜಾಗವೇ ಹೊರತು ಮೇಸ್ತ್ರಿ ಗುಂಡಿ ತೋಡಿಸಿದ ಜಾಗವಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ.

ಈ ತಂಡದ ಬಗ್ಗೆ ನನಗೆ ಮೊದಲು ಹಿಡಿಸಿದ್ದು, ಅವರು ಬಂದ ಕೂಡಲೇ ಯಂತ್ರಗಳ ಪೆಟ್ಟಿಗೆ ಬಿಚ್ಚಲಿಲ್ಲ ಎಂಬುದು. ಹಿರಿಯ ತಂತ್ರಜ್ಞ ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ, ಕಕ್ಕಸುಗಳ ಗೋಡೆಗಳನ್ನು ಹೊರಗಿನಿಂದ ಗುರುತಿಸಿಕೊಂಡು, ನಂತರ ನಮ್ಮ ಅತ್ತೆಯವರ ಬಳಿ ಕುಳಿತು ಮಾತಿಗೆ ತೊಡಗಿದರು. ‘ಅಮ್ಮಾ, ಕೊನೇ ಸಲ ಟ್ಯಾಂಕ್ ಖಾಲಿ ಮಾಡ್ಸಿದ್ದು ಯಾವಾಗ? ಗಾಡಿಯವರು ಪೈಪನ್ನ ಯಾವ ಕಡೆಯಿಂದ ತಂದು ಇಳಿಸಿದ್ರು?’ ಎಂದು ಕೇಳಿದರು. ‘ಕೊಟ್ಟಿಗೆ ಪಕ್ಕದಿಂದ ಕಣಪ್ಪಾ, ಆಗಿನ್ನೂ ಆ ಕಡೆ ಕಾಂಪೌಂಡೇ ಇರ್ಲಿಲ್ಲ’ ಎಂದು ಅತ್ತೆ ಹೇಳಿದ ಆ ಒಂದು ಮಾತಿನಿಂದ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಎಷ್ಟೋ ವರ್ಷಗಳಿಂದ ನಾವು ಆ ಮನೆಯಲ್ಲಿ ಓಡಾಡುತ್ತಿದ್ದರೂ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ವಾಸ್ತು ನೋಡಿ ಕಟ್ಟಿಸಿದ ಮನೆಯೇ ಎಂಬುದು ಅವರ ಮುಂದಿನ ಪ್ರಶ್ನೆಯಾಗಿತ್ತು. ಮೊದಲು ಇದು ವಿಚಿತ್ರವೆನಿಸಿತಾದರೂ ಅದರ ಹಿಂದಿನ ಲೆಕ್ಕ ಸರಿಯಾಗಿದೆ. ವಾಸ್ತು ನಂಬುವವರು ಸೆಪ್ಟಿಕ್ ಟ್ಯಾಂಕನ್ನು ಸಾಮಾನ್ಯವಾಗಿ ವಾಯವ್ಯದ ಕಡೆ ಹಾಕಿಸುತ್ತಾರೆ, ಈಶಾನ್ಯಕ್ಕೆ ಎಂದೂ ತರುವುದಿಲ್ಲ. ಹುಡುಕುವವನಿಗೆ ಅದರಲ್ಲಿ ನಂಬಿಕೆ ಇರಬೇಕೆಂದಿಲ್ಲ, ಕಟ್ಟಿಸಿದವರಿಗೆ ಇತ್ತು ಎಂದು ಗೊತ್ತಾದರೆ ಸಾಕು. ಇದಲ್ಲದೆ, ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುವ ಪಟ್ಟಿ ಎಲ್ಲಿದೆ, ಮಳೆಗಾಲದಲ್ಲಿ ನೆಲ ಎಲ್ಲಿ ಕುಗ್ಗಿ ನೀರು ನಿಲ್ಲುತ್ತದೆ, ಗಾಳಿ ಪೈಪು ಎಲ್ಲಿತ್ತು ಎಂದೆಲ್ಲ ವಿಚಾರಿಸಿದರು.

ಗಾಳಿ ಪೈಪಿನ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಟ್ಯಾಂಕಿನ ಗುರುತಾಗಿ ನೆಲದ ಮೇಲೆ ಉಳಿದಿರುವುದು ಅದೊಂದೇ. ಸೆಪ್ಟಿಕ್ ಟ್ಯಾಂಕ್ ಕಟ್ಟುವ ಭಾರತೀಯ ಮಾನಕವಾದ ಐಎಸ್ 2470ರ ಪ್ರಕಾರ ಪ್ರತಿ ಟ್ಯಾಂಕಿಗೂ ಕನಿಷ್ಠ 50 ಮಿಲಿಮೀಟರ್ ವ್ಯಾಸದ ಗಾಳಿ ಪೈಪು ಇರಬೇಕು. ಹತ್ತಿರದ ಕಟ್ಟಡದಿಂದ ಟ್ಯಾಂಕ್ 15 ಮೀಟರಿಗಿಂತ ದೂರವಿದ್ದರೆ ಆ ಪೈಪು 2 ಮೀಟರ್ ಎತ್ತರವಿದ್ದರೆ ಸಾಕು. ಅದಕ್ಕಿಂತ ಹತ್ತಿರವಿದ್ದರೆ ಕಟ್ಟಡದ ನೆತ್ತಿಗಿಂತ 2 ಮೀಟರ್ ಮೇಲಕ್ಕೆ ಹೋಗಬೇಕು. ಆದ್ದರಿಂದ ಹಿತ್ತಲಿನ ಗೋಡೆಗೆ ಒರಗಿಕೊಂಡು ಸೂರಿನ ಮೇಲೆ ಇಣುಕುವ, ತುದಿಗೆ ಜಾಲರಿ ಕಟ್ಟಿದ ಪೈಪೊಂದು ಕಂಡರೆ ಅದರ ಬುಡದಿಂದ ಹುಡುಕಾಟ ಆರಂಭಿಸಬಹುದು. ನಮ್ಮ ಮನೆಯಲ್ಲಿ ಮಹಡಿ ಕಟ್ಟಿಸುವಾಗ ಅಡ್ಡ ಬಂತೆಂದು ಅದನ್ನು ಕತ್ತರಿಸಿ ತೆಗೆದುಬಿಟ್ಟಿದ್ದರು. ಗೋಡೆಯ ಮೇಲೆ ಕ್ಲಾಂಪಿನ ಗುರುತುಗಳು ಮಾತ್ರ ಉಳಿದಿದ್ದವು, ತಂಡದವರು ಅದನ್ನೂ ಗಮನಿಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡರು.

ಇನ್ನು ಕ್ಯಾಮೆರಾದ ಕೆಲಸ. ಪೈಪಿನೊಳಗೆ ಕ್ಯಾಮೆರಾ ಇಳಿಸಲು ಒಂದು ಬಾಯಿ ಬೇಕು, ಆದರೆ ಹಳೆಯ ಮನೆಗಳಲ್ಲಿ ಅಂತಹ ಬಾಯಿಯನ್ನು ಯಾರೂ ಬಿಟ್ಟಿರುವುದಿಲ್ಲ. ಇಂಡಿಯನ್ ಪ್ಯಾನಿನ ಕೆಳಗಿರುವ ಟ್ರ್ಯಾಪಿನ ತಿರುವಿನಲ್ಲಿ ಕ್ಯಾಮೆರಾದ ತಲೆ ಸಿಕ್ಕಿಕೊಳ್ಳುತ್ತದೆ, ಕಮೋಡ್ ಕಳಚಿ ಇಳಿಸಬಹುದಾದರೂ ಮತ್ತೆ ಕೂರಿಸುವ ಖರ್ಚು ಮತ್ತು ತಲೆನೋವು ಬೇರೆ. ಇವರು ಮಹಡಿಯಿಂದ ಇಳಿದು ಬರುವ ಬೀಡುಕಬ್ಬಿಣದ ಪೈಪಿನ ಬುಡದಲ್ಲಿದ್ದ ಡೋರ್ ಬೆಂಡಿನ, ಅಂದರೆ ಬಿಚ್ಚಬಹುದಾದ ಮುಚ್ಚಳವಿರುವ ಬಾಗಿನ, ಬೋಲ್ಟುಗಳನ್ನು ಬಿಚ್ಚಿ ಅಲ್ಲಿಂದ ಇಳಿಸಿದರು. ತುಕ್ಕು ಹಿಡಿದಿದ್ದ ಆ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಕಾದು, ಮುರಿಯದಂತೆ ಬಿಚ್ಚಿ, ಕೆಲಸ ಮುಗಿದ ಮೇಲೆ ಹೊಸ ವಾಷರ್ ಹಾಕಿ ಮುಚ್ಚಿದ ತಾಳ್ಮೆಯನ್ನು ಮೆಚ್ಚಲೇಬೇಕು.

ಕ್ಯಾಮೆರಾ ಒಳಗಿನ ಸ್ಥಿತಿಯನ್ನು ತೋರಿಸುತ್ತದೆಯೇ ಹೊರತು ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ. ಕೇಬಲ್ ಸುರುಳಿಯ ಮೀಟರು ಒಳಗೆ ಹೋದ ಉದ್ದವನ್ನು ಮಾತ್ರ ತೋರಿಸುತ್ತದೆ, ತಿರುವುಗಳಿದ್ದರೆ ಆ ಉದ್ದಕ್ಕೂ ನೆಲದ ಮೇಲಿನ ದೂರಕ್ಕೂ ತಾಳೆಯಾಗುವುದಿಲ್ಲ. ಅದಕ್ಕಾಗಿಯೇ ಕ್ಯಾಮೆರಾದ ಹಿಂದೆ ಸೋಂಡ್ ಎಂಬ ಪುಟ್ಟ ಟ್ರಾನ್ಸ್‌ಮಿಟರ್ ಇರುತ್ತದೆ. ಇವರದು 512 ಹರ್ಟ್ಸ್ ಆವರ್ತನದ್ದು. 33 ಕಿಲೋಹರ್ಟ್ಸ್ ಸೋಂಡುಗಳೂ ಬಳಕೆಯಲ್ಲಿವೆ, ಪಿವಿಸಿ ಮತ್ತು ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪುಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬೀಡುಕಬ್ಬಿಣದ ಗೋಡೆಯನ್ನು ದಾಟಿ ಹೊರಬರುವ ಶಕ್ತಿ ಕಡಿಮೆ ಆವರ್ತನದ ಸಿಗ್ನಲಿಗೇ ಹೆಚ್ಚು. ನಮ್ಮ ಪೈಪಿನ ಮೊದಲ ಭಾಗ ಬೀಡುಕಬ್ಬಿಣ, ನಂತರದ್ದು ಸ್ಟೋನ್‌ವೇರ್, ನಡುವೆ ಯಾರೋ ತೇಪೆ ಹಾಕಿದ ಪಿವಿಸಿ ಆದ್ದರಿಂದ ಇವರ ಆಯ್ಕೆ ಸರಿಯಾಗಿತ್ತು. ಕೇಳಿದಾಗ ಕಾರಣವನ್ನೂ ಸರಿಯಾಗಿಯೇ ವಿವರಿಸಿದರು.

ರಿಸೀವರ್ ಹಿಡಿದು ನಡೆಯುವುದನ್ನು ನೋಡಿದರೆ ಸುಲಭದ ಕೆಲಸವೆನಿಸುತ್ತದೆ, ಆದರೆ ಕೌಶಲವೆಲ್ಲ ಅಡಗಿರುವುದು ಅಲ್ಲೇ. ಸೋಂಡಿನ ಸುತ್ತಲಿನ ಕ್ಷೇತ್ರವು ಅಯಸ್ಕಾಂತದ ತುಂಡಿನ ಸುತ್ತಲಿನ ಕ್ಷೇತ್ರದ ಆಕಾರದಲ್ಲೇ ಹರಡಿಕೊಳ್ಳುವುದರಿಂದ, ಅದರ ನೇರ ಮೇಲೆ ಬಲವಾದ ಸಿಗ್ನಲ್ ಸಿಗುತ್ತದೆ. ಪೈಪಿನ ದಿಕ್ಕಿನಲ್ಲಿ ಹಿಂದಕ್ಕೂ ಮುಂದಕ್ಕೂ ಸರಿದರೆ ಎರಡೂ ಕಡೆ ಒಂದೊಂದು ಬಿಂದುವಿನಲ್ಲಿ ಸಿಗ್ನಲ್ ಪೂರ್ತಿ ಸತ್ತು, ಅದರಾಚೆ ಮತ್ತೆ ಸಣ್ಣದಾಗಿ ಏಳುತ್ತದೆ. ಆ ಹುಸಿ ಏರಿಕೆಯನ್ನೇ ನಿಜವೆಂದು ನಂಬಿ ಅಗೆದರೆ ಪೈಪು ಸಿಕ್ಕರೂ ಸಿಗಬಹುದು, ಹುಡುಕುತ್ತಿದ್ದ ಒಡಕು ಮಾತ್ರ ಸಿಗುವುದಿಲ್ಲ. ಸಿಗ್ನಲ್ ಸಾಯುವ ಆ ಎರಡು ಬಿಂದುಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು 0.7ರಿಂದ ಗುಣಿಸಿದರೆ ಪೈಪಿನ ಆಳ ಬರುತ್ತದೆ, ಸೋಂಡ್ ಮಟ್ಟವಾಗಿ ಮಲಗಿರಬೇಕು ಅಷ್ಟೆ. ಯಂತ್ರದ ಪರದೆಯೇ ಆಳವನ್ನು ತೋರಿಸುತ್ತಿದ್ದರೂ ಇವರು ಟೇಪಿನಿಂದಲೂ ಲೆಕ್ಕ ಹಾಕಿ ಎರಡನ್ನೂ ತಾಳೆ ನೋಡಿದರು. ಸೇವೆ ಕೊಡುವವರಲ್ಲಿ ಈ ಒಂದು ಅಭ್ಯಾಸ ಕಂಡರೆ ಅವರ ಮೇಲೆ ಭರವಸೆ ಇಡಬಹುದೆಂದು ನನಗನಿಸುತ್ತದೆ.

ಕಾಂಕ್ರೀಟಿನ ಕೆಳಗಿದ್ದ ಕಂಬಿಗಳಿಂದ ಒಂದೆರಡು ಕಡೆ ರಿಸೀವರಿನ ಅಳತೆ ಹೊಯ್ದಾಡಿತು. ಅಲ್ಲಿ ಅವರು ಅಂದಾಜಿನ ಗುರುತು ಎಂದು ಬೇರೆ ಬಣ್ಣದಲ್ಲಿ ಬರೆದರು, ಖಚಿತವೆಂದು ನಟಿಸಲಿಲ್ಲ. ಪೈಪಿನ ಇಳಿಜಾರನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಾಲ್ಕು ಇಂಚಿನ ಕೊಳಚೆ ಪೈಪನ್ನು ಸಾಮಾನ್ಯವಾಗಿ 40ರಿಂದ 60 ಅಡಿ ಉದ್ದಕ್ಕೆ ಒಂದು ಅಡಿ ಇಳಿಯುವಂತೆ ಹಾಕಿರುತ್ತಾರೆ. ಮನೆಯ ಗೋಡೆಯ ಬಳಿ ಒಂದೂವರೆ ಅಡಿ ಆಳದಲ್ಲಿರುವ ಪೈಪು ಸಮತಟ್ಟಾದ ಹಿತ್ತಲಿನ ಕೊನೆಯಲ್ಲಿ ಒಂದು ಅಡಿಗಿಂತ ಕಡಿಮೆ ಆಳದಲ್ಲಿದೆ ಎಂದು ಯಂತ್ರ ಹೇಳಿದರೆ ಯಂತ್ರವನ್ನೇ ಅನುಮಾನಿಸಬೇಕು.

ಪೈಪು ನಾವೆಲ್ಲ ಊಹಿಸಿದ್ದಂತೆ ನೇರವಾಗಿ ಹಿಂದಕ್ಕೆ ಹೋಗಿರಲಿಲ್ಲ. ಅದು ಬಟ್ಟೆ ಒಗೆಯುವ ಕಲ್ಲಿನ ಬಳಿ ಎಡಕ್ಕೆ ತಿರುಗಿ ತೆಂಗಿನ ಮರದ ಬುಡದ ಕಡೆ ಹೊರಳಿತ್ತು. ಅಲ್ಲಿ ಸ್ಟೋನ್‌ವೇರ್ ಪೈಪಿನ ಸಿಮೆಂಟ್ ಕೀಲು ಬಿಟ್ಟುಕೊಂಡು, ಒಳಗೆ ಬೇರು ದಟ್ಟವಾಗಿ ತುಂಬಿದ್ದು ಪರದೆಯ ಮೇಲೆ ಕಾಣಿಸಿತು. ಕ್ಯಾಮೆರಾ ಅದರಾಚೆ ಹೋಗಲಿಲ್ಲ. ಬಲವಂತವಾಗಿ ತಳ್ಳಿದ್ದರೆ ಕ್ಯಾಮೆರಾವೂ ಪೈಪೂ ಎರಡೂ ಹಾಳಾಗುತ್ತಿದ್ದವು. ಅವರು ಅಲ್ಲಿಗೆ ನಿಲ್ಲಿಸಿ, ಕೊನೆಯ ಬಿಂದುವನ್ನು ಗುರುತಿಸಿ, ಸಲಾಕೆಯನ್ನು ಕೈಗೆತ್ತಿಕೊಂಡರು.

ಟ್ಯಾಂಕ್ ಸಿಕ್ಕಿದ್ದು ಈ ಸಲಾಕೆಯಿಂದ. ಬೆರಳು ದಪ್ಪದ, ಮೇಲೆ ಅಡ್ಡ ಹಿಡಿ ಇರುವ, ತುದಿ ತೀರಾ ಚೂಪಲ್ಲದ ಉಕ್ಕಿನ ಸರಳು ಅದು. ಪೈಪು ಹೊರಳಿದ ದಿಕ್ಕಿನಲ್ಲಿ, ಕಾಂಕ್ರೀಟ್ ಮುಗಿದು ಮಣ್ಣು ಶುರುವಾಗುವ ಕಡೆಯಿಂದ, ಒಂದೊಂದು ಅಡಿ ಬಿಟ್ಟು ಚುಚ್ಚುತ್ತಾ ಹೋದರು. ಅಗೆದು ಮುಚ್ಚಿದ ಮಣ್ಣಿನಲ್ಲಿ ಸಲಾಕೆ ಸರಾಗವಾಗಿ ಇಳಿಯುತ್ತದೆ, ಎಂದೂ ಅಗೆಯದ ಗಟ್ಟಿ ನೆಲ ತಡೆಯುತ್ತದೆ. ಕಲ್ಲು ತಗುಲಿದರೆ ಟಣ್ ಎನ್ನುತ್ತದೆ, ಅದೇ ಕಲ್ಲು ಟೊಳ್ಳಿನ ಮೇಲೆ ಹಾಸಿದ ಚಪ್ಪಡಿಯಾಗಿದ್ದರೆ ಸದ್ದು ಬೇರೆ, ಕೈಗೆ ತಟ್ಟುವ ಅದುರು ಬೇರೆ. ಸುಮಾರು ಎರಡಡಿ ಆಳದಲ್ಲಿ ಆ ಟೊಳ್ಳು ಸದ್ದು ಬಂದಾಗ ಹಿರಿಯ ತಂತ್ರಜ್ಞರು ನನ್ನ ಕೈಗೂ ಸಲಾಕೆ ಕೊಟ್ಟು ಕುಟ್ಟಿ ನೋಡಲು ಹೇಳಿದರು. ವ್ಯತ್ಯಾಸ ಯಾರಿಗಾದರೂ ತಿಳಿಯುವಂತಿತ್ತು.

ಲೋಹಶೋಧಕ ಇಲ್ಲಿ ದಾರಿ ತಪ್ಪಿಸುತ್ತಿತ್ತು. ಟ್ಯಾಂಕಿನ ಮೇಲೆ ಕಂಬಿ ಹಾಕಿದ ಸ್ಲಾಬ್ ಇದ್ದಿದ್ದರೆ ಅದು ಕೂಗುತ್ತಿತ್ತು. ನಮ್ಮದರ ಮೇಲೆ ಇದ್ದದ್ದು ಹಳೆಯ ಕಾಲದ ಚಪ್ಪಡಿ ಕಲ್ಲುಗಳು. ಅದು ಜೋರಾಗಿ ಕೂಗಿದ್ದು ಅಲ್ಲಿಂದ ಹತ್ತಡಿಯಾಚೆ, ಬಳಕೆ ತಪ್ಪಿದ ನೀರಿನ ಸಂಪಿನ ಸ್ಲಾಬಿನ ಮೇಲೆ. ಆ ಸಂಪನ್ನು ಮಳೆನೀರು ತುಂಬಿಸಲು ಮತ್ತೆ ಬಳಸೋಣವೆಂಬ ಮಾತು ಮನೆಯಲ್ಲಿತ್ತು. ಟ್ಯಾಂಕ್ ಅದರಿಂದ ಎಷ್ಟು ಹತ್ತಿರದಲ್ಲಿದೆ ಎಂದು ಕಂಡ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಒಂದು ಅಂಚು ಸಿಕ್ಕ ಮೇಲೆ ಉಳಿದದ್ದನ್ನು ಲೆಕ್ಕದಿಂದಲೇ ಗುರುತಿಸಬಹುದು. ಅದೇ ಐಎಸ್ 2470ರ ಪ್ರಕಾರ ಟ್ಯಾಂಕಿನ ಅಗಲ ಕನಿಷ್ಠ 750 ಮಿಲಿಮೀಟರ್, ನೀರಿನ ಮಟ್ಟದಿಂದ ಕೆಳಗೆ ಆಳ ಕನಿಷ್ಠ 1 ಮೀಟರ್, ಹಿಡಿಯುವ ನೀರು ಕನಿಷ್ಠ 1000 ಲೀಟರ್, ಉದ್ದವು ಅಗಲದ ಎರಡರಿಂದ ನಾಲ್ಕು ಪಟ್ಟು. ಮೇಸ್ತ್ರಿಗಳು ಮಾನಕದ ಪುಸ್ತಕ ಓದಿ ಕಟ್ಟಿದ್ದಾರೆಂದು ಇದರ ಅರ್ಥವಲ್ಲ, ಆದರೂ ಆಯತಾಕಾರದ ಟ್ಯಾಂಕುಗಳು ಬಹುಮಟ್ಟಿಗೆ ಈ ಅಳತೆಯ ಆಸುಪಾಸಿನಲ್ಲೇ ಇರುತ್ತವೆ. ನಾಲ್ಕಡಿ ಅಗಲ ಎಂದು ಸಲಾಕೆಯಿಂದ ಖಚಿತವಾದ ಕೂಡಲೇ ಇನ್ನೊಂದು ತುದಿಯನ್ನು ಎಂಟಡಿಯ ಸುತ್ತ ಹುಡುಕಿದರು, ಅಲ್ಲಿಯೇ ಸಿಕ್ಕಿತು. ಅಗೆಯಬೇಕಾಗಿ ಬಂದದ್ದು ಒಂದು ಚಪ್ಪಡಿಯ ಅಂಚು ಕಾಣುವಷ್ಟು ಮಾತ್ರ.

ಚಪ್ಪಡಿಯನ್ನು ಹಾರೆಯಿಂದ ಸರಿಸಿದಾಗ ಅವರು ನಡೆದುಕೊಂಡ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಎಲ್ಲರನ್ನೂ ದೂರ ನಿಲ್ಲಿಸಿ, ಗಾಳಿಯಾಡಲು ಬಹಳ ಹೊತ್ತು ಬಿಟ್ಟು, ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರೇ ಹೊರತು ಯಾರೂ ತಲೆ ಒಳಗೆ ಹಾಕಲಿಲ್ಲ. ಟ್ಯಾಂಕಿನೊಳಗೆ ಹುಟ್ಟುವ ಮೀಥೇನ್ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತ ಮೋಸಗಾರ, ಏಕೆಂದರೆ ಪ್ರಮಾಣ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಕಡಿಮೆಯಾಯಿತೆಂದು ಇಳಿದವರು ಮೇಲೆ ಬಾರದಿರುವ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯ್ದೆಯ 7ನೇ ಕಲಮಿನ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಯಾರನ್ನೂ ತೊಡಗಿಸುವಂತಿಲ್ಲ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಕೆಸರಿನ ಮಟ್ಟ ನೋಡಲು ಯಾರಾದರೂ ಇಳಿಯಬಹುದೇ ಎಂದು ಪಕ್ಕದ ಮನೆಯವರೊಬ್ಬರು ಕೇಳಿದಾಗ, ‘ಅದು ನಮ್ಮ ಕೆಲಸ ಅಲ್ಲ ಸಾರ್, ಯಾರ ಕೆಲಸಾನೂ ಅಲ್ಲ. ಗಾಡಿ ಕರೆಸಿ’ ಎಂದು ತಂಡದ ಕಿರಿಯ ಹುಡುಗ ಕಡ್ಡಿ ಮುರಿದಂತೆ ಹೇಳಿದ. ಬಹಳ ಸರಿಯಾದ ಉತ್ತರ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರುತ್ತೇನೆ. ಟ್ಯಾಂಕಿನಿಂದ ಹೊರಬರುವ ನೀರು ಎಲ್ಲಿ ಇಂಗುತ್ತದೆ ಎಂಬುದು ನಮ್ಮ ಮೂರನೆಯ ಪ್ರಶ್ನೆಯಾಗಿತ್ತು. ಇಂಗುಗುಂಡಿ ಪತ್ತೆಗೆ ನೆಲದೊಳಗೆ ನೋಡುವ ರೇಡಾರ್ ತರಿಸುವುದು ಒಳ್ಳೆಯದೆಂದು ಅವರು ಸೂಚಿಸಿದರು, ಅದಕ್ಕೆ ಪ್ರತ್ಯೇಕ ಶುಲ್ಕವಿತ್ತು. ಮೂರು ಗಾಲಿಯ ಆ ಯಂತ್ರ ಹಿತ್ತಲಿನಲ್ಲಿ ಗೆರೆ ಎಳೆದಂತೆ ಓಡಾಡಿತು, ಪರದೆಯ ಮೇಲೆ ಬೂದುಬಣ್ಣದ ಪಟ್ಟೆಗಳು ಮೂಡಿದವು, ಆದರೆ ಎರಡೂವರೆ ಅಡಿಗಿಂತ ಕೆಳಗೆ ಏನೂ ಸ್ಪಷ್ಟವಾಗಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಈ ರೇಡಾರ್ ಕಳಿಸುವ ರೇಡಿಯೋ ಅಲೆಗಳನ್ನು ಜೇಡಿಮಣ್ಣು ಮತ್ತು ತೇವ ಹೀರಿಕೊಳ್ಳುತ್ತವೆ. ಒಣ ಮರಳುನೆಲದಲ್ಲಿ ಹಲವು ಮೀಟರ್ ಆಳಕ್ಕೆ ಕಾಣಿಸುವ ಯಂತ್ರವೇ ಒದ್ದೆ ಜೇಡಿಯಲ್ಲಿ ಒಂದು ಮೀಟರೂ ಕಾಣದೆ ಕುರುಡಾಗಬಹುದು. ನಮ್ಮ ಹಿತ್ತಲಿನದು ಕೆಂಪು ಜೇಡಿ ಬೆರೆತ ಮಣ್ಣು, ಹಿಂದಿನ ವಾರವಷ್ಟೇ ಜೋರು ಮಳೆ ಬಿದ್ದಿತ್ತು, ಇಂಗುಗುಂಡಿಯ ಸುತ್ತಲಿನ ನೆಲವಂತೂ ಸದಾ ಒದ್ದೆ. ಸೋಂಡಿನ ಆವರ್ತನವನ್ನು ಅಷ್ಟು ಚೆನ್ನಾಗಿ ವಿವರಿಸಬಲ್ಲವರಿಗೆ ಇದು ತಿಳಿಯದ ವಿಷಯವಲ್ಲ. ಸಲಾಕೆಯಿಂದ ಚುಚ್ಚಿದಾಗಲೇ ಕೈಗೆ ಮಣ್ಣಿನ ಗುಣ ಗೊತ್ತಾಗಿತ್ತು, ರೇಡಾರ್ ಬೇಡವೆಂದು ಅಲ್ಲಿಯೇ ಹೇಳಬೇಕಿತ್ತು. ಫಲ ಸಿಗದಿದ್ದರೂ ಶುಲ್ಕವನ್ನು ಪೂರ್ತಿಯಾಗಿಯೇ ಬಿಲ್ಲಿನಲ್ಲಿ ಸೇರಿಸಿದ್ದರು. ಮಾತಾಡಿದ ಮೇಲೆ ಅರ್ಧ ಬಿಟ್ಟುಕೊಟ್ಟರು, ನಾನು ಅದನ್ನು ಉದಾರತೆ ಎಂದು ಕರೆಯಲಾರೆ.

ಕೊನೆಗೆ ಇಂಗುಗುಂಡಿಯ ಜಾಗವನ್ನು ಅಂದಾಜಿನಿಂದ ಗುರುತಿಸಿದರು: ಟ್ಯಾಂಕಿನ ಹೊರಹರಿವಿನ ಗೋಡೆ ಯಾವುದೆಂದು ತಿಳಿದಿತ್ತು, ಅದರ ನೇರಕ್ಕೆ ಕೆಲವು ಅಡಿ ದೂರದಲ್ಲಿ ಸಲಾಕೆ ಸಡಿಲ ಜಲ್ಲಿಯಲ್ಲಿ ಸರಸರನೆ ಇಳಿಯುತ್ತಿತ್ತು. ಆದರೆ ಅದರ ಸುತ್ತಳತೆ ಎಷ್ಟೆಂದು ಕೊನೆಗೂ ತಿಳಿಯಲಿಲ್ಲ.

ಇಂಗುಗುಂಡಿಯ ಜಾಗ ಏಕೆ ಅಷ್ಟು ಮುಖ್ಯವೆಂದರೆ ಬಾವಿ ಮತ್ತು ಬೋರ್‌ವೆಲ್ಲಿನ ಕಾರಣಕ್ಕೆ. ಐಎಸ್ 2470ರ ಎರಡನೆಯ ಭಾಗವು, ಕೊಳಚೆ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ 18 ಮೀಟರಿಗಿಂತ, ವಾಸದ ಕಟ್ಟಡದಿಂದ 6 ಮೀಟರಿಗಿಂತ ಹತ್ತಿರ ಇರಬಾರದೆನ್ನುತ್ತದೆ. ಈಗ 30 ಅಡಿಗೆ 40 ಅಡಿಯ ಒಂದು ಸೈಟನ್ನು ನೆನೆಯಿರಿ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೂ 50 ಅಡಿ, ಅಂದರೆ 15 ಮೀಟರಿಗೆ ತುಸು ಹೆಚ್ಚು. ಹಾಗಾಗಿ ಅಂತಹ ಸೈಟಿನಲ್ಲಿ ಬೋರ್‌ವೆಲ್ಲೂ ಇಂಗುಗುಂಡಿಯೂ ಒಟ್ಟಿಗೆ ಇದ್ದರೆ 18 ಮೀಟರಿನ ಅಂತರ ಪಾಲಿಸುವುದು ರೇಖಾಗಣಿತದ ಪ್ರಕಾರವೇ ಅಸಾಧ್ಯ. ನಮ್ಮದು 40 ಅಡಿಗೆ 60 ಅಡಿಯ ಸೈಟು, ಆದರೂ ಪಕ್ಕದ ಮನೆಯವರ ಬೋರ್‌ವೆಲ್ ಕಾಂಪೌಂಡಿಗೆ ಅಂಟಿಕೊಂಡೇ ಇದೆ. ಯುಜಿಡಿ ಸಂಪರ್ಕ ಬೇಗ ಮಾಡಿಸಬೇಕೆಂದು ನಮಗೆ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ. ಸಂಪರ್ಕ ಆದ ಮೇಲೆ ಹಳೆಯ ಟ್ಯಾಂಕನ್ನು ಹಾಗೆಯೇ ಟೊಳ್ಳಾಗಿ ಬಿಡದೆ, ಗಾಡಿಯಿಂದ ಖಾಲಿ ಮಾಡಿಸಿ, ಕಲ್ಲುಪುಡಿ ಅಥವಾ ಮರಳು ತುಂಬಿ ಗಟ್ಟಿ ಮಾಡಿಸಬೇಕೆಂದು ತಂಡದವರೇ ನೆನಪಿಸಿದರು.

ಇಡೀ ಸೇವೆಯಲ್ಲಿ ಹೆಚ್ಚು ಕಾಲ ಉಪಯೋಗಕ್ಕೆ ಬರುವುದು ಅವರು ಬರೆದುಕೊಟ್ಟ ನಕ್ಷೆ. ಪ್ರತಿ ಗುರುತಿಗೂ ಮನೆಯ ಎರಡು ಮೂಲೆಗಳಿಂದ ಅಳತೆ ಬರೆದಿದ್ದಾರೆ. ಎರಡು ಟೇಪು ಹಿಡಿದು ಆ ಎರಡು ಅಳತೆಗಳು ಸೇರುವ ಕಡೆ ನಿಂತರೆ ಯಾರು ಬೇಕಾದರೂ ಅದೇ ಬಿಂದುವನ್ನು ತಲುಪಬಹುದು. ಮರದಿಂದಲೋ ಕಾಂಪೌಂಡಿನಿಂದಲೋ ಅಳೆದಿದ್ದರೆ ಮರ ಬಿದ್ದ ದಿನ, ಗೋಡೆ ಸರಿಸಿದ ದಿನ ನಕ್ಷೆ ಕೆಲಸಕ್ಕೆ ಬಾರದಂತಾಗುತ್ತಿತ್ತು. ಪೈಪಿನ ಜಾತಿ, ಬೇರು ನುಗ್ಗಿದ ಕೀಲು, ಚಪ್ಪಡಿಯ ಆಳ ಎಲ್ಲವೂ ಅದರಲ್ಲಿದೆ. ಕೊರತೆಯೆಂದರೆ ಕೆಲವು ಆಳಗಳು ಅಡಿಯಲ್ಲೂ ಕೆಲವು ಮೀಟರಿನಲ್ಲೂ ಇದ್ದವು, ಮತ್ತು ಆಳವನ್ನು ಯಾವ ಮಟ್ಟದಿಂದ ಅಳೆದರೆಂದು ಬರೆದಿರಲಿಲ್ಲ. ಕೇಳಿದ ಮೇಲೆ, ಮನೆಯ ಹಿಂಬಾಗಿಲ ಹೊಸ್ತಿಲನ್ನು ಆಧಾರ ಮಟ್ಟವಾಗಿ ಇಟ್ಟುಕೊಂಡು ಎಲ್ಲವನ್ನೂ ತಿದ್ದಿ ಬರೆದುಕೊಟ್ಟರು. ಆ ಹಾಳೆಯ ಒಂದು ಪ್ರತಿ ಈಗ ಖಾತೆ ಕಾಗದಗಳ ಜೊತೆಗಿದೆ.

ಸ್ವಚ್ಛತೆಯ ಬಗ್ಗೆ ಒಂದು ಮಾತು. ಪೈಪಿನಿಂದ ಹೊರತೆಗೆದ ಕೇಬಲನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿದರಾದರೂ, ಆ ನೀರನ್ನು ಚೆಲ್ಲಿದ್ದು ನಮ್ಮ ಒಗೆಯುವ ಕಲ್ಲಿನ ಪಕ್ಕದಲ್ಲಿ. ಕಾಂಕ್ರೀಟನ್ನು ಒಡೆದ ಜಾಗಕ್ಕೆ ಮಣ್ಣು ಮುಚ್ಚಿದರು, ತೇಪೆ ಹಾಕುವುದು ತಮ್ಮ ಒಪ್ಪಂದದಲ್ಲಿಲ್ಲ ಎಂದರು. ಅದನ್ನು ಫೋನಿನಲ್ಲೇ ಹೇಳಿದ್ದರೆ ಮೇಸ್ತ್ರಿಯನ್ನು ಅದೇ ದಿನಕ್ಕೆ ಗೊತ್ತು ಮಾಡಬಹುದಿತ್ತು.

ರೇಡಾರ್ ಬಿಟ್ಟು ನಾವು ಕೊಟ್ಟದ್ದು ಒಂಬತ್ತು ಸಾವಿರ ರೂಪಾಯಿಯ ಆಸುಪಾಸು. ಎಲ್ಲ ಮನೆಗೂ ಇಷ್ಟು ಖರ್ಚು ಅಗತ್ಯವೆಂದು ನಾನು ಹೇಳುವುದಿಲ್ಲ. ಒಂದೇ ಕಕ್ಕಸು, ಮಣ್ಣಿನ ಹಿತ್ತಲು, ಗಾಳಿ ಪೈಪು ನೆಟ್ಟಗಿದೆ ಎಂದಾದರೆ ಅನುಭವಿ ಪ್ಲಂಬರ್ ಒಬ್ಬರು ಸಲಾಕೆ ಹಿಡಿದು ಅರ್ಧ ದಿನದೊಳಗೆ ಟ್ಯಾಂಕ್ ತೋರಿಸಬಲ್ಲರು. ಯಾವ ಕಕ್ಕಸು ಯಾವ ಛೇಂಬರಿಗೆ ಸೇರುತ್ತದೆ ಎಂಬುದಷ್ಟೇ ಪ್ರಶ್ನೆಯಾದರೆ, ಒಬ್ಬರು ಬಣ್ಣ ಕಲಸಿದ ನೀರನ್ನು ಬಕೆಟ್ಟಿನಲ್ಲಿ ಸುರಿಯುವುದು, ಇನ್ನೊಬ್ಬರು ಛೇಂಬರಿನ ಬಳಿ ನಿಂತು ನೋಡುವುದು ಸಾಕು. ಆದರೆ ಬಣ್ಣದ ನೀರು ಸಂಬಂಧವನ್ನು ತೋರಿಸುತ್ತದೆಯೇ ಹೊರತು ದಾರಿಯನ್ನಲ್ಲ. ಸಲಾಕೆಯನ್ನು ನೀವೇ ಹಿಡಿಯುವುದಾದರೆ ಪಿವಿಸಿ ಪೈಪು ಮತ್ತು ನೆಲದಡಿಯ ವಿದ್ಯುತ್ ಕೇಬಲ್ ಎರಡನ್ನೂ ನೆನಪಿನಲ್ಲಿಡಬೇಕು. ಪೈಪಿಗೆ ತೂತು ಬಿದ್ದರೆ ರಿಪೇರಿಯಲ್ಲಿ ಮುಗಿಯುತ್ತದೆ, ಕೇಬಲ್ ತಗುಲಿದರೆ ಮುಗಿಯುವುದಿಲ್ಲ. ಮೀಟರ್ ಬೋರ್ಡಿನಿಂದ ಪಂಪ್‌ಸೆಟ್ಟಿಗೆ ಅಥವಾ ಹಿಂದಿನ ಶೆಡ್ಡಿಗೆ ಕೇಬಲ್ ಹೋಗಿರುವ ದಾರಿ ತಿಳಿಯದಿದ್ದರೆ ಚುಚ್ಚದಿರುವುದೇ ಲೇಸು. ಕಾಂಕ್ರೀಟ್ ಹಾಸಿದ, ಮಹಡಿ ಏರಿಸಿದ, ಎರಡು ಮೂರು ಸಲ ಪೈಪು ಬದಲಾಯಿಸಿದ ಮನೆಗಳಿಗೆ ಮಾತ್ರ ಕ್ಯಾಮೆರಾ ಮತ್ತು ಸೋಂಡಿನ ಸೇವೆಗೆ ಕೊಟ್ಟ ಹಣ ಸಾರ್ಥಕ.

ಕಾಲವನ್ನೂ ನೋಡಿ ಕರೆಸಬೇಕು. ಮುಂಗಾರಿನ ಮೊದಲ ಮಳೆಗಳಾದ ಮೇಲೆ ನೆಲ ಮೆತ್ತಗಾಗಿ ಸಲಾಕೆ ಸುಲಭವಾಗಿ ಇಳಿಯುತ್ತದೆ. ರೇಡಾರ್ ಬಳಸುವುದೇ ಆದರೆ ಫೆಬ್ರವರಿ, ಮಾರ್ಚ್ ತಿಂಗಳ ಒಣ ನೆಲ ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದು ಉತ್ತಮ, ಮಳೆ ಸುರಿಯುವಾಗ ತೆರೆದ ಗುಂಡಿಗೆ ನೀರು ನುಗ್ಗುತ್ತದೆ. ಅಲ್ಲಿ ಟ್ಯಾಂಕುಗಳು ಮನೆಯಿಂದ ದೂರ, ಇಳಿಜಾರಿನ ಕೆಳಗೆ ಇರುವುದುಂಟು, ಪೈಪು ಉದ್ದವಿರುತ್ತದೆ. ಆದ್ದರಿಂದ ತಂಡದವರ ಕ್ಯಾಮೆರಾ ಕೇಬಲ್ ಎಷ್ಟು ಮೀಟರ್ ಇದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಹಾಸನದ ತಂಡ ಬೇಲೂರು, ಅರಸೀಕೆರೆ, ಹೊಳೆನರಸೀಪುರಕ್ಕೂ ಬರುತ್ತದೆ, ದೂರಕ್ಕೆ ತಕ್ಕಂತೆ ಪ್ರಯಾಣದ ವೆಚ್ಚ ಸೇರಿಸುತ್ತದೆ. ಫೋನ್ ಮಾಡುವಾಗ ಸೋಂಡಿನ ಆವರ್ತನ ಯಾವುದು, ಎರಡು ಸ್ಥಿರ ಮೂಲೆಗಳಿಂದ ಅಳತೆ ಬರೆದ ನಕ್ಷೆ ಕೊಡುತ್ತೀರಾ, ಒಡೆದದ್ದನ್ನು ಮುಚ್ಚುವವರು ಯಾರು, ಸಿಗದಿದ್ದರೆ ಶುಲ್ಕವೆಷ್ಟು ಎಂಬಿಷ್ಟನ್ನು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲಿ ತರಿಸಿಕೊಳ್ಳಿ. ರೇಡಾರ್ ಎಂದ ಕೂಡಲೇ ನಿಮ್ಮ ಮಣ್ಣು ಎಂಥದ್ದೆಂದು ಅವರಾಗಿಯೇ ವಿಚಾರಿಸದಿದ್ದರೆ ಆ ಭಾಗವನ್ನು ಬೇಡವೆನ್ನಿ.